ವಿಮಾನ ಬಂಕಿಗೆ ಬಂತು, ಚೀಲ ನಿಮ್ಮ ಕಚೇರಿಗೆ ಹೋಯಿತು

ಪೆಟ್ರೋಲು ಯಾವುದರೊಳಗೆ ಇರಬಹುದು, ಯಾವುದರೊಳಗೆ ಇರಕೂಡದು ಎಂದು ಜಿಲ್ಲೆಗೆಲ್ಲ ನಿಶ್ಚಯಿಸಿಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಗದ್ದೆಯಲ್ಲಿ ಇಳಿದ ಪುಟ್ಟ ವಿಮಾನವೊಂದರ ಪೆಟ್ರೋಲ್ ಚೀಲವನ್ನು ನಿಮ್ಮ ಕಚೇರಿ ಅಪಾಯಕಾರಿಯೆಂದು ಜಪ್ತಿ ಮಾಡಿತು. ಅದರ ಫಲವಾಗಿ ನನ್ನ ಗಂಡ ಮಾನಂದವಾಡಿಯ ಆಸ್ಪತ್ರೆಯಲ್ಲಿ ಮಲಗಿದರು, ವಿಮಾನ ಕಾಟ್ಟಿಕುಳದ ಪೆಟ್ರೋಲ್ ಬಂಕಿನಲ್ಲಿ ಆಟೋಗಳ ಹಿಂದೆ ಸಾಲು ನಿಂತಿತು. ಈಗ, ಪರವಾನಗಿಯಿಲ್ಲದೆ ಇಂಧನ ದಾಸ್ತಾನು ಮಾಡಿದ್ದೇಕೆಂದು ಕೇಳುವ ನೋಟೀಸು ನನ್ನ ಹೆಸರಿಗೆ ಬಂದಿದೆ. ಮಲಯಾಳದಲ್ಲಿ ಎರಡು ಸಲ ಉತ್ತರ ಬರೆದೆ. ನಿಮ್ಮಿಂದ ಮಾತಿಲ್ಲ. ನನ್ನ ಮಲಯಾಳದಲ್ಲೇ ಏನೋ ದೋಷವಿರಬೇಕೆಂದುಕೊಂಡು ಈ ಸಲ ನನಗೆ ಚೆನ್ನಾಗಿ ಬರುವ ಭಾಷೆಯಲ್ಲಿ, ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ತಮಗೆ ತಿಳಿಯದಿದ್ದರೆ ಓದಿ ಹೇಳುವವರು ಗಡಿಯ ಎರಡೂ ಕಡೆ ಬೇಕಾದಷ್ಟು ಜನ ಸಿಗುತ್ತಾರೆ.

ನಾನು ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಡೆ, ಮದುವೆಯಾಗಿ ಬಂದದ್ದು ಗಡಿ ದಾಟಿ ಇತ್ತ ತೃಶ್ಶಿಲೇರಿಗೆ. ನಮ್ಮ ಬಯಲಿನ ಗದ್ದೆಗಳವರೆಲ್ಲ ಸೇರಿ ಮಾಡಿಕೊಂಡ ಪಾಡಶೇಖರ ಸಮಿತಿಗೆ ನಾನು ಕಾರ್ಯದರ್ಶಿ. ಕೆಲಸ ದೊಡ್ಡದೇನಲ್ಲ. ಮೊದಲ ಬೆಳೆ ಕೊಯ್ದ ಮೇಲೆ, ಬೇಸಗೆಯ ಪುಂಜ ಬೆಳೆಗೆ ತೋಡಿನ ಕಟ್ಟೆಗೆ ಹಲಗೆ ಇಳಿಸಿ ನೀರು ತಿರುಗಿಸುವ ದಿನವನ್ನು ನಾನು ಹೇಳಬೇಕು. ನೀರು ಬಿಟ್ಟರೆ ಎಲ್ಲರ ಗದ್ದೆಗೂ ಒಟ್ಟಿಗೇ ಬರುತ್ತದೆ. ಒಬ್ಬರ ಗದ್ದೆ ಒಣಗಿರಬೇಕೆಂದರೆ ಎಲ್ಲರ ಗದ್ದೆಯೂ ಒಣಗಿರಬೇಕು. ಈ ಮಾತನ್ನು ದಯವಿಟ್ಟು ಗಮನಿಸಿ. ನಿಮ್ಮ ಚೀಲದ ದೆಸೆಯಿಂದ ನಾನು ಬೈಸಿಕೊಂಡದ್ದು ಇದೇ ಕಾರಣಕ್ಕೆ.

ಜನವರಿಯ ಒಂದು ಬೆಳಗ್ಗೆ ನಾವು ಗದ್ದೆಯಲ್ಲಿ ಹುಲ್ಲು ಕಟ್ಟುತ್ತಿದ್ದೆವು. ಮೇಲಿನಿಂದ ಮರ ಕೊಯ್ಯುವ ಯಂತ್ರದಂಥ ಸದ್ದು ಬಂತು. ತಲೆಯೆತ್ತಿದರೆ, ಬಟ್ಟೆಯ ದೊಡ್ಡ ರೆಕ್ಕೆಯ ಕೆಳಗೆ ಮೂರು ಚಕ್ರದ ಕುರ್ಚಿ ಕಟ್ಟಿದಂಥದೊಂದು ನಮ್ಮ ಕಡೆಗೇ ಇಳಿಯುತ್ತಿದೆ. ನನ್ನ ಗಂಡ ನಿಂಗಯ್ಯನವರು ಹುಲ್ಲಿನ ಕಂತೆಯನ್ನು ಎದೆಗವಚಿಕೊಂಡೇ ಓಡಿದರು. ಅದು ಕೂಳೆಗಳ ಮೇಲೆ ಎಗರಿ ಎಗರಿ ಬಂದು ಬದುವಿಗೆ ಮೂಗು ತಾಗಿಸಿ ನಿಂತಿತು. ಹೆಲ್ಮೆಟ್ಟು ತೆಗೆದು ಇಳಿದವರು ಮೈಸೂರಿನ ನಿವೃತ್ತ ದಂತವೈದ್ಯರು, ಹೆಸರು ರವಿಕುಮಾರ್.

“ಕ್ಷಮಿಸಿ ತಾಯಿ. ಮೇಲಿಂದ ನಿಮ್ಮ ಗದ್ದೆ ಒಂದೇ ಚಪ್ಪಟೆ ಕಾಣಿಸ್ತು,” ಎಂದರು.

ಕಣ್ಣೂರಿನ ಕಡೆ ಹಾರಾಟದ ಗೆಳೆಯರನ್ನು ಸೇರಿಕೊಳ್ಳಲು ಹೊರಟವರಂತೆ. ಎದುರುಗಾಳಿ ಜೋರಾಗಿ ಟ್ಯಾಂಕಿನ ಪೆಟ್ರೋಲು ಲೆಕ್ಕಕ್ಕಿಂತ ಮೊದಲೇ ಮುಗಿಯುತ್ತಾ ಬಂದಿತ್ತು. ಪೊಲೀಸರು ಬಂದರು, ಕಾಗದಪತ್ರ ನೋಡಿದರು, ಎಲ್ಲಿಗೋ ಫೋನು ಮಾಡಿ ಎಲ್ಲ ಸರಿಯಿದೆ ಎಂದರು, ವಿಮಾನದ ಜೊತೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ದೇಶದ ಭದ್ರತೆಗೆ ಸಮಾಧಾನವಾಯಿತು. ನಿಮ್ಮ ಕಚೇರಿಗೆ ಆಗಲಿಲ್ಲ.

ವಿಮಾನದ ಹಿಂದಿನ ಸೀಟಿನಲ್ಲಿ, ಮಗುವನ್ನು ಕೂರಿಸಿದಂತೆ ಬೆಲ್ಟು ಬಿಗಿದು ಒಂದು ಉಬ್ಬಿದ ಚೀಲವಿತ್ತು. ದಪ್ಪ ಬಟ್ಟೆಗೆ ರಬ್ಬರಿನಂಥದೇನೋ ಲೇಪಿಸಿದ್ದು, ಬಾಯಿಗೆ ತಿರುಪಿನ ಮುಚ್ಚಳ. ಹೆಚ್ಚುವರಿ ಪೆಟ್ರೋಲು ಒಯ್ಯಲೆಂದೇ ಮಾಡಿದ ಚೀಲವಂತೆ. ತುಂಬಿದಾಗ ಗಾಳಿಯನ್ನೆಲ್ಲ ಹಿಂಡಿ ತೆಗೆದು ಮುಚ್ಚುವುದರಿಂದ ಒಳಗೆ ಆವಿ ಕಟ್ಟಿಕೊಳ್ಳಲು ಜಾಗವಿರುವುದಿಲ್ಲ, ಖಾಲಿಯಾದಾಗ ಮಳೆಕೋಟಿನಂತೆ ಮಡಿಸಿ ಸೀಟಿನ ಕೆಳಗೆ ಇಡಬಹುದು. ಅಷ್ಟು ಸಣ್ಣ ವಿಮಾನದಲ್ಲಿ ಖಾಲಿ ಡಬ್ಬ ಇಡಲು ಎಡೆಯೆಲ್ಲಿದೆ? ಡಾಕ್ಟರು ಎಲ್ಲರನ್ನೂ ದೂರ ನಿಲ್ಲಿಸಿ, ಕಿಡಿ ಹಾರದಿರಲೆಂದು ಚೀಲದಿಂದ ವಿಮಾನಕ್ಕೆ ಒಂದು ತಂತಿ ಸಿಕ್ಕಿಸಿ, ಇನ್ನೇನು ಟ್ಯಾಂಕಿಗೆ ಸುರಿಯಬೇಕು, ಆಗ ನಿಮ್ಮ ಇನ್‌ಸ್ಪೆಕ್ಟರ್ ಭಾಸ್ಕರನ್ ಸಾರ್ ಬಂದರು. ಅವರು ಬಂದದ್ದು ಚಹದಂಗಡಿಯ ಗ್ಯಾಸ್ ಸಿಲಿಂಡರ್ ತಪಾಸಣೆಗೆ. ವಿಮಾನ ಸಿಕ್ಕಿದ್ದು ಅವರ ಪುಣ್ಯ.

“ಚಾಕ್ಕಿಲ್ ಪೆಟ್ರೋಳೋ?” ಎಂದು ಕೂಗಿದರು. ಚೀಲದಲ್ಲಿ ಪೆಟ್ರೋಲೇ ಎಂದು ಅರ್ಥ.

“ಇದು ಅಂಥ ಚೀಲ ಅಲ್ಲ ಸರ್. ವಿಮಾನಕ್ಕೇ ಅಂತ ಮಾಡಿದ್ದು,” ಎಂದರು ಡಾಕ್ಟರು.

“ಪಟ್ಟಿಯಲ್ಲಿ ಚೀಲ ಇಲ್ಲ. ಜಪ್ತಿ.”

“ಹಾಗಾದ್ರೆ ಈಗಲೇ ಟ್ಯಾಂಕಿಗೆ ಸುರಿದುಬಿಡ್ತೀನಿ. ಆಮೇಲೆ ಚೀಲದಲ್ಲಿ ಪೆಟ್ರೋಲೇ ಇರಲ್ಲ. ಅಪರಾಧವೂ ಇರಲ್ಲ.”

“ಜಪ್ತಿ ಆಯ್ತಲ್ಲ. ಇನಿ ತೊಡಾನ್ ಪಾಡಿಲ್ಲ.” ಇನ್ನು ಅದನ್ನು ಮುಟ್ಟುವಂತಿಲ್ಲ!

ಮಾನ್ಯರೇ, ಇಲ್ಲಿ ನನ್ನದೊಂದು ಸಣ್ಣ ಸಂದೇಹ. ಪೆಟ್ರೋಲು ತುಂಬಿಕೊಂಡು ಗದ್ದೆಯಲ್ಲಿ ಸುಮ್ಮನೆ ಇರುವಾಗ ಅಪಾಯಕಾರಿಯಾಗಿದ್ದ ಆ ಚೀಲ, ಅದೇ ಪೆಟ್ರೋಲಿನ ಸಮೇತ ನಿಮ್ಮ ಸರ್ಕಾರಿ ಜೀಪು ಹತ್ತಿದ ಕೂಡಲೇ ಸಾಧುವಾದದ್ದು ಹೇಗೆ? ಭಾಸ್ಕರನ್ ಸಾರ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹೊಂಡ ಬಂದಾಗಲೆಲ್ಲ ತಬ್ಬಿಕೊಂಡು ಹೋದದ್ದನ್ನು ಊರೇ ನೋಡಿದೆ. ಚೀಲಕ್ಕೆ ಏನೂ ಆಗಲಿಲ್ಲ. ಅವರಿಗೂ ಏನೂ ಆಗಲಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ಪ್ರಯೋಗಾಲಯ ಮಾಡೀತು? ಅದರ ವರದಿಯನ್ನು ಮಾತ್ರ ನಿಮ್ಮ ಕಚೇರಿ ಬರೆದಂತಿಲ್ಲ.

ವಿಮಾನ ಗದ್ದೆಯಲ್ಲೇ ಉಳಿಯಿತು. ಬಂಕಿಗೆ ಹೋದರೆ, ಬಿಡಿಯಾಗಿ ಪೆಟ್ರೋಲು ಕೊಡಬಾರದೆಂಬ ನಿಮ್ಮ ಆದೇಶವನ್ನು ಗೋಡೆಯ ಮೇಲೆ ಅಂಟಿಸಿದ್ದರು. ವಾಹನದ ಟ್ಯಾಂಕಿಗೆ ಮಾತ್ರ. ಆಗ ನನ್ನ ಗಂಡನಿಗೆ ಬುದ್ಧಿ ಓಡಿತು. ಅವರ ಬುದ್ಧಿ ಓಡಿದಾಗಲೆಲ್ಲ ನಾನು ಹಿಂದೆ ಓಡಬೇಕಾಗುತ್ತದೆ. ಪಕ್ಕದ ಮನೆಯ ಅಜೀಶನ ಬೈಕಿಗೆ ಬಂಕಿನಲ್ಲಿ ತುಂಬಿಸಿಕೊಂಡು ಬರುವುದು, ಗದ್ದೆಗೆ ತಂದು ಕೊಳವೆ ಹಾಕಿ ಎಳೆಯುವುದು.

“ಬೇಡಿ ನಿಂಗಯ್ಯ, ಅದು ಅಪಾಯ,” ಎಂದು ಡಾಕ್ಟರು ತಡೆದರು.

“ಹೊಗೆ ಊದಿ ಜೇನು ಬಿಡಿಸಿದ ಬಾಯಿ ಸ್ವಾಮಿ ಇದು. ನೀವು ಸುಮ್ನಿರಿ,” ಎಂದು ಇವರು ಕೊಳವೆ ಕಚ್ಚಿ ಎಳೆದರು.

ಪೆಟ್ರೋಲು ಬಾಯಿಗೆ ಬಂತು. ಅಲ್ಲಿ ನಿಲ್ಲದೆ ಶ್ವಾಸಕ್ಕೂ ಹೋಯಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು. ಗಟ್ಟಿ ದನಿಯ ಮನುಷ್ಯ ನನ್ನ ಕೈ ಹಿಡಿದುಕೊಂಡು “ಲತಾ” ಎನ್ನಲು ಹೋಗಿ ಬರೀ ಗಾಳಿ ಬಿಟ್ಟಾಗ, ನನಗೆ ವಿಮಾನವೂ ಬೇಡ, ಪುಂಜವೂ ಬೇಡ ಅನ್ನಿಸಿತು. ಅಜೀಶ್ ತನ್ನ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಪೆಟ್ರೋಲು ಶ್ವಾಸಕೋಶಕ್ಕೆ ಇಳಿದಿದೆ, ಮಲಗಿಸಿ ನೋಡಿಕೊಳ್ಳಬೇಕು ಎಂದರು ಅಲ್ಲಿಯವರು. ಆಯುಷ್ಯವೆಲ್ಲ ಪರರ ಹಲ್ಲು ಕಿತ್ತ ರವಿಕುಮಾರ್ ಡಾಕ್ಟರು ವರಾಂಡದ ಬೆಂಚಿನಲ್ಲಿ ಕೂತು ಗಡಗಡ ನಡುಗುತ್ತಿದ್ದರು. ನಾನೇ ಅವರಿಗೆ ಚಹ ತಂದುಕೊಟ್ಟೆ.

ನಿಮ್ಮ ನಿಯಮ ಯಾರನ್ನು ಕಾಪಾಡಲು ಹುಟ್ಟಿತೋ ಅವರೇ, ನಮ್ಮ ಮನೆಯವರೇ, ಅದರ ಕೆಳಗೆ ಬಿದ್ದರು. ಚೀಲದಲ್ಲಿದ್ದ ಪೆಟ್ರೋಲು ಯಾರಿಗೂ ಒಂದು ಕೆಮ್ಮು ತರಿಸಿರಲಿಲ್ಲ.

ಇತ್ತ ಬಯಲಿನಲ್ಲಿ ಸಸಿಗಳು, ಇಲ್ಲಿಯವರ ಮಾತಿನಲ್ಲಿ ಞಾರು, ನಾಟಿಗೆ ಬಂದು ನಿಂತಿದ್ದವು. ನಮ್ಮ ಗದ್ದೆಯ ಮಗ್ಗುಲಲ್ಲೇ ಕೇಳು ಎಂಬ ಹಿರಿಯರ ಗದ್ದೆ. ಅವರ ಹೆಸರು ಕೇಳು ಎಂದಾದರೂ ಅವರಿಗಿರುವುದು ಹೇಳುವ ಅಭ್ಯಾಸ ಮಾತ್ರ. ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಮನೆಗೆ ಬಂದ ನನ್ನನ್ನು ಅವರು ಅಂಗಳದಲ್ಲೇ ತಡೆದರು.

“ಲತಕ್ಕಾ, ಕಾರ್ಯದರ್ಶಿ ನೀನು. ಎಲ್ಲಾರ ಞಾರು ಉದ್ದ ಆಗ್ತಾ ಉಂಟು. ನಿನ್ನ ವಿಮಾನಕ್ಕೋಸ್ಕರ ನಮ್ಮ ವಯಲು ಒಣಗಬೇಕಾ?”

“ನನ್ನ ವಿಮಾನ ಅಲ್ಲ ಕೇಳಣ್ಣಾ.”

“ನಿನ್ನ ವಯಲಲ್ಲಿ ಉಂಟಲ್ಲ? ಹಾಗಾದ್ರೆ ನಿಂದೇ. ನಾಳೆ ನಾನೇ ಹಲಗೆ ಇಳಿಸ್ತೀನಿ. ಅದು ಮುಳುಗಲಿ.”

ಅವರು ಹೇಳಿದ್ದು ನ್ಯಾಯವಾಗಿತ್ತು. ಗಂಡ ಹಾಸಿಗೆಯಲ್ಲಿ, ಊರು ನನ್ನ ವಿರುದ್ಧ, ಗದ್ದೆಯಲ್ಲಿ ವಿಮಾನ. ಆಸ್ಪತ್ರೆಗೆ ವಾಪಸು ಹೋಗಿ ಅಳುತ್ತಾ ಇದನ್ನೆಲ್ಲ ಹೇಳಿದಾಗ, ಅಷ್ಟರಲ್ಲಿ ಸ್ವಲ್ಪ ಚೇತರಿಸಿಕೊಂಡಿದ್ದ ನಮ್ಮವರು ಒಡಕು ದನಿಯಲ್ಲಿ ಕೇಳಿದರು: “ಗಾಡಿ ಟ್ಯಾಂಕಿಗೆ ಕೊಡ್ತಾರಲ್ವಾ? ಅದಕ್ಕೂ ಟ್ಯಾಂಕು ಅದೆ, ಮೂರು ಚಕ್ರ ಅದೆ. ಅದನ್ನೇ ಬಂಕಿಗೆ ಎಳಕೊಂಡು ಹೋಗಿ.”

ಅವರ ಬುದ್ಧಿ ಓಡಿದ್ದಕ್ಕೆ ನಾನು ಬೈಯದೆ ಇದ್ದದ್ದು ಅದೊಂದೇ ಸಲ.

ಡಾಕ್ಟರು ಬೋಲ್ಟು ಬಿಚ್ಚಿ ರೆಕ್ಕೆಯನ್ನು ಗದ್ದೆಯಲ್ಲೇ ಮಲಗಿಸಿದರು. ಹಿಂದಿನ ಫ್ಯಾನು ತಿರುಗದಂತೆ ಅಜೀಶನ ಮುಂಡು ಪಂಚೆಯಿಂದ ಕಟ್ಟಿದೆವು. ಉಳಿದ ಮೂರು ಚಕ್ರದ ಕುರ್ಚಿಯನ್ನು ಹಗ್ಗ ಹಾಕಿ ಜೀಪಿನ ಹಿಂದೆ ಎಳೆದೆವು. ಡಾಕ್ಟರು ಹೆಲ್ಮೆಟ್ಟು ಹಾಕಿ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದೆ, ಅದೂ ರಸ್ತೆಯಲ್ಲಿ. ಕಾಟ್ಟಿಕುಳದಲ್ಲಿ ಬಸ್ಸಿನವರು ಬಾಗಿಲಿಂದ ತಲೆ ಹೊರಗೆ ಹಾಕಿ, ಗಡಿಯೂರು ತೋಲ್ಪೆಟ್ಟಿಗೆ ಸೀಟು ಉಂಟಾ ಎಂದು ಕೇಳಿದರು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

ಬಂಕಿನಲ್ಲಿ ಪೆಟ್ರೋಲು ಹಾಕುವ ಸುನಿತ ನಗಲಿಲ್ಲ. ನಮ್ಮ ಮುಂದಿದ್ದ ಆಟೋ ಹೋದ ಮೇಲೆ ಕೈ ಬೀಸಿ ಕರೆದು, “ಸೊನ್ನೆ ನೋಡಿ ಸಾರ್. ಫುಲ್ಲಾ?” ಎಂದಳು.

ಮಾಲೀಕರು ಓಡಿ ಬಂದರು. ಗೋಡೆಯ ಆದೇಶವನ್ನು ಮೊದಲಿಂದ ಕಡೆಯವರೆಗೆ ಓದಿದರು. ಬಾಟಲಿ ಕೂಡದು, ಡಬ್ಬ ಕೂಡದು, ಚೀಲ ಕೂಡದು. ವಿಮಾನ ಕೂಡದು ಎಂದು ಎಲ್ಲಿಯೂ ಬರೆದಿರಲಿಲ್ಲ.

“ಹಾಕು ಮೋಳೇ,” ಎಂದರು, ಮಗಳನ್ನು ಕರೆದಂತೆ.

ಸುನಿತ ತುಂಬಿಸಿದಳು. ಮುಚ್ಚಳ ತಿರುಗಿಸುತ್ತಾ, “ಗಾಳಿ ನೋಡಬೇಕಾ ಚೇಚಿ?” ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ನಾನು ನಕ್ಕೆ.

ಗದ್ದೆಗೆ ಮರಳಿ ರೆಕ್ಕೆ ಜೋಡಿಸಿದ ಮೇಲೆ ಇನ್ನೊಂದು ತೊಡಕು ಕಂಡಿತು. ಏರಲು ಬೇಕಾದಷ್ಟು ಓಟಕ್ಕೆ ನಮ್ಮ ಗದ್ದೆ ಸಾಲದು. ಅಡ್ಡಲಾಗಿ ಕೇಳಣ್ಣನ ಬದು. ಅವರ ಹತ್ತಿರ ಯಾವ ಮುಖ ಹೊತ್ತು ಕೇಳುವುದೆಂದು ನಾವು ನಿಂತಿರುವಾಗ, ಅವರೇ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬಂದರು. ಹಲಗೆ ಇಳಿಸಲು ಹೊರಟಿದ್ದಾರೆಂದುಕೊಂಡೆ. ಅವರು ನಮ್ಮ ಕಡೆ ನೋಡದೆ ಬದುವನ್ನು ಕಡಿದು ಹರವತೊಡಗಿದರು.

“ನಿಂಗಯ್ಯನಿಗೆ ಹೇಗುಂಟು?” ಎಂದರು ತಲೆ ಎತ್ತದೆ.

“ನಾಳೆ ಮನೆಗೆ ಕಳಿಸ್ತಾರಂತೆ.”

“ಹೂಂ. ಬದು ಮತ್ತೆ ಕಟ್ಟೋಕೆ ಅವನೂ ಬರಬೇಕು. ಹೇಳು.”

ವಿಮಾನ ಎರಡು ಗದ್ದೆ ಓಡಿ, ಕಡಿದ ಬದು ದಾಟಿ, ತೋಡಿನ ಬಿದಿರು ಮೆಳೆಯ ಮೇಲೆ ಕಾಲೆಳೆದುಕೊಂಡು ಹೇಗೋ ಏರಿತು. ಕೇಳಣ್ಣ ಅದು ಚುಕ್ಕೆಯಾಗುವವರೆಗೂ ಹಣೆಗೆ ಕೈ ಹಿಡಿದು ನೋಡಿದರು. ಆಮೇಲೆ ಹಲಗೆ ಇಳಿಸಿದೆವು. ಸಂಜೆಗೆ ಬಯಲೆಲ್ಲ ನೀರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಮಾನ ಹೋದರೂ ಗದ್ದೆ ಹೋಗಲಿಲ್ಲವಲ್ಲ, ನಿಮ್ಮ ನೋಟೀಸು ಗದ್ದೆಯ ವಿಳಾಸ ಹುಡುಕಿಕೊಂಡು ನನ್ನಲ್ಲಿಗೆ ಬಂತು. ಡಾಕ್ಟರು ಫೋನಿನಲ್ಲಿ, “ಪೆಟ್ರೋಲು ಹೋಗಲಿ ತಾಯಿ, ಚೀಲ ಸಿಕ್ಕರೆ ಸಾಕು. ಅದಿಲ್ಲದೆ ದೂರ ಹೋಗೋ ಹಾಗಿಲ್ಲ,” ಎಂದಿದ್ದರು. ಎರಡೂ ಕೆಲಸ ಒಟ್ಟಿಗೆ ಮುಗಿಸೋಣವೆಂದು ನಿಮ್ಮ ಕಚೇರಿಗೆ ಬಂದೆ. ಕರೆಂಟು ಹೋಗಿತ್ತು. ಹಿತ್ತಲಿನಲ್ಲಿ ಜನರೇಟರ್ ಕೆಮ್ಮುತ್ತಿತ್ತು. ಸದ್ದು ಬಂದ ಕಡೆ ಹೋದರೆ, ನಿಮ್ಮ ಅಟೆಂಡರ್ ರಾಜನ್ ಜನರೇಟರಿಗೆ ಪೆಟ್ರೋಲು ಸುರಿಯುತ್ತಿದ್ದರು. ಮಾನ್ಯರೇ, ಆ ಚೀಲದಿಂದ.

“ಇದು ಜಪ್ತಿ ಮಾಡಿದ ಚೀಲ ಅಲ್ವಾ?” ಎಂದೆ.

“ಅದೇ ಚೇಚಿ,” ಎಂದರು ರಾಜನ್ ಬಲು ಖುಷಿಯಿಂದ. “ಮೊದಲು ಡಬ್ಬದಲ್ಲಿ ತರ್ತಿದ್ವಿ, ಅರ್ಧ ಚೆಲ್ಲಿ ಹೋಗ್ತಿತ್ತು. ಇದು ನಲ್ಲ ಸಾಧನ. ಒಂದು ತೊಟ್ಟು ಕೆಳಗೆ ಬೀಳಲ್ಲ. ಸಾರಿಗೂ ಬಹಳ ಇಷ್ಟ ಆಗಿದೆ.”

ಆ ಸಾರ್ ತಾವೇ. ಕಿಟಕಿಯಿಂದ ಕಾಣುತ್ತಿದ್ದಿರಿ. ಆ ಪೆಟ್ರೋಲಿನಿಂದ ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕೂತು ಕಾಗದಗಳಿಗೆ ಸಹಿ ಹಾಕುತ್ತಿದ್ದಿರಿ. ಭೇಟಿಗೆ ಹೆಸರು ಕಳಿಸಿದೆ. ಸಾಹೇಬರು ಸುರಕ್ಷತಾ ಸಭೆಯಲ್ಲಿದ್ದಾರೆ ಎಂಬ ಉತ್ತರ ಬಂತು.

ಪೆಟ್ರೋಲಿನ ಭಯ ನನಗಿಲ್ಲವೆಂದು ತಿಳಿಯಬೇಡಿ. ನಿಮಗಿಂತ ಹೆಚ್ಚೇ ಇದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ಗಂಡನ ಉಸಿರು ಎಣಿಸಿದವಳು ನಾನು. ಕಂಡಕಂಡ ಬಾಟಲಿಗೆ ಪೆಟ್ರೋಲು ಕೊಡಬಾರದೆಂಬ ನಿಯಮ ಇರಲೇಬೇಕು. ಆದರೆ ತರಕಾರಿ ತರುವ ಪ್ಲಾಸ್ಟಿಕ್ ಚೀಲಕ್ಕೂ ಆಕಾಶದಲ್ಲಿ ಪೆಟ್ರೋಲು ಒಯ್ಯಲೆಂದೇ ಮಾಡಿದ ಚೀಲಕ್ಕೂ ಇರುವ ವ್ಯತ್ಯಾಸ ಒಂದು ಕಚೇರಿಗೆ ತಿಳಿಯಬಾರದೇ? ತಿಳಿದಿದೆ ಎಂಬುದನ್ನೇ ನಿಮ್ಮ ಹಿತ್ತಲಿನಲ್ಲಿ ನೋಡಿ ಬಂದೆ. ತಿಳಿದದ್ದನ್ನು ಬರೆದುಕೊಡಲು ಅಡ್ಡಿ ಏನು?

ಆದ್ದರಿಂದ ನನ್ನ ಮೇಲಿನ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಡಾಕ್ಟರ ಚೀಲವನ್ನು ತೊಳೆದು, ಒಣಗಿಸಿ, ಮಡಿಸಿ ಕಳಿಸಿಕೊಡಿ. ಇಂಥ ಚೀಲಗಳನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ, ಯಾವುದು ಆಗಬಹುದು, ಅದರಲ್ಲಿ ಯಾರಿಗೆ, ಹೇಗೆ ಪೆಟ್ರೋಲು ಕೊಡಬಹುದು ಎಂದು ಬಂಕಿನ ಗೋಡೆಗೆ ಇನ್ನೊಂದು ಹಾಳೆ ಅಂಟಿಸಿ. ಇಷ್ಟಕ್ಕೆ ತಿಂಗಳು ಬೇಕಾದರೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಕರೆಂಟು ಹೋದಾಗ ನಿಮ್ಮ ಕಚೇರಿಯವರು ಜನರೇಟರನ್ನು ದಯವಿಟ್ಟು ಬಂಕಿಗೆ ಎಳೆದುಕೊಂಡು ಹೋಗಲಿ. ಹಗ್ಗ ಬೇಕಾದರೆ ಅಜೀಶನ ಹತ್ತಿರ ಇದೆ.

ಇಂತಿ,
ಇನ್ನು ಆಕಾಶದಲ್ಲಿ ಏನು ಸದ್ದಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ತೀರ್ಮಾನಿಸಿರುವ, ಆದರೂ ಸದ್ದಾದಾಗಲೆಲ್ಲ ಅಂಗಳಕ್ಕೆ ಓಡಿ ಬರುವ,
ಲತಾಮಣಿ
ತೃಶ್ಶಿಲೇರಿ