ಅವ್ವ ಎದ್ದು ಓಡಿದ ಸಂಗೀತ

ಪಂಜ
6 ಫೆಬ್ರವರಿ 2025

ಪ್ರೀತಿಯ ಸುಜಯ್,

ಹೇಗಿದ್ದೀ? ಹೋದ ಸಲ ಬಂದಾಗ ಎಡಗಿವಿಯಲ್ಲಿ ಗುಂಯ್ ಅನ್ನುತ್ತದೆ ಅಂದಿದ್ದೆ, ಡಾಕ್ಟರಿಗೆ ತೋರಿಸಿದೆಯಾ? ಇಯರ್‌ಫೋನ್ ಹಾಕಿಕೊಂಡೇ ನಿದ್ದೆಹೋಗಬೇಡ. ಇಲ್ಲಿ ಅವ್ವನ ಮಂಡಿನೋವು ಹಾಗೇ ಉಂಟು, ಊಟ ಪರವಾಗಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎಲ್ಲದಕ್ಕೂ "ಚೆಂದ ಉಂಟು" ಎಂದು ಮುಗಿಸಿಬಿಡುತ್ತೇನೆ, ಅದು ನಿನಗೂ ಗೊತ್ತು.

ನಿನ್ನ ಮೆಸೇಜ್ ಓದಿದೆ. ಕೊಚ್ಚಿಯ ಸಂಗೀತೋತ್ಸವದವರು ಅಪ್ಪನ ಮೇಲೆ ನೀನು ಮಾಡಿದ ಎರಡು ಸಂಗೀತಗಳಲ್ಲಿ ಎರಡನೆಯದನ್ನೇ ಆರಿಸಿದ್ದಾರೆ, ಅದು ಎಲ್ಲರಿಗೂ ತಲುಪುತ್ತದೆ ಅಂದರು, ಮೊದಲನೆಯದನ್ನು ಇನ್ನು ಅಳಿಸಿಬಿಡುತ್ತೇನೆ ಎಂದು ಬರೆದಿದ್ದೀ. ಸಂತೋಷಪಡಬೇಕಾದ ಸುದ್ದಿ. ನನಗೆ ಯಾಕೋ ಊಟ ಸೇರಲಿಲ್ಲ.

ಅಪ್ಪನ ವರ್ಷದ ತಿಥಿಯ ಊಟ ಮುಗಿದ ಆ ಮಧ್ಯಾಹ್ನ ನೆನಪುಂಟಲ್ಲ? ಎಲ್ಲರೂ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ ನೀನು ಸ್ಪೀಕರ್ ತಂದಿಟ್ಟು, ಮೊದಲನೆಯದನ್ನು ಹಾಕಿ, "ಇದು ಅಪ್ಪನದ್ದು" ಅಂದೆ, ಅಷ್ಟೇ. ಶುರುವಿಗೆ ಅಪ್ಪನ ಕೊನೆಗಾಲದ ಆಕ್ಸಿಜನ್ ಯಂತ್ರದ ಉಬ್ಬಸ. ಅದನ್ನು ಎಳೆದು, ಹರಿದು, ತಗಡು ಕೆರೆದ ಹಾಗೆ ಮಾಡಿದ್ದೆ. ನಡುವೆ, ಆಚೆ ಗುಡ್ಡದವರನ್ನು ಕರೆಯಲು ಅಪ್ಪ ಹಾಕುತ್ತಿದ್ದ ಕೂ, ನೀನು ಹಿಂದೆಂದೋ ರೆಕಾರ್ಡ್ ಮಾಡಿಟ್ಟಿದ್ದು, ಅರ್ಧರ್ಧವೇ ಕೇಳುತ್ತಿತ್ತು. "ಇದೆಂತ ಮಾರಾಯ, ಸಂಗೀತವಾ, ಅಕ್ಕಿ ಮಿಲ್ಲಾ?" ಎಂದು ಕುಕ್ಕಪ್ಪ ಮಾವ ಕೇಳಿದಾಗ ಎಲ್ಲರೂ ನಕ್ಕರು, ನೀನೂ ನಕ್ಕೆ. ಆಗ ಆ ಬೀಪ್ ಬಂತು, ಕರೆಂಟ್ ಹೋದಾಗ ಯಂತ್ರ ಕೂಗಿಕೊಳ್ಳುತ್ತಿದ್ದದ್ದು. ಅವ್ವ ಮಡಿಲಿನ ಹರಿವಾಣ ಮಗುಚಿ ಎದ್ದವಳು, ಮಂಡಿನೋವು ಮರೆತು, ಕರೆಂಟ್ ಹೋದಾಗ ಅಪ್ಪನಿಗೆ ಜೋಡಿಸಲೆಂದು ಸಿಲಿಂಡರ್ ಇಡುತ್ತಿದ್ದ ಮೂಲೆಗೆ ಓಡಿದಳು. ಖಾಲಿ ಮೂಲೆಯ ಎದುರು ಹಾಗೇ ನಿಂತಳು. "ನಿಲ್ಲಿಸು ಅದನ್ನ" ಎಂದು ಮಾವ ಗದರಿದರು. ನೀನು ನಿಲ್ಲಿಸಿದೆ. ಮುಂದೆ ಏನಿತ್ತು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಮರುತಿಂಗಳು ನೀನು ಕಳಿಸಿದ್ದರಲ್ಲಿ ಯಂತ್ರವೇ ಇರಲಿಲ್ಲ. ಅಪ್ಪನ ಕೂ ಪೂರ್ತಿ ಉಂಟು, ಅದರಡಿಗೆ ಮೆತ್ತಗಿನ ಒಂದು ಶ್ರುತಿ. ಮಾವ ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದಾರೆ. ಅವ್ವನೂ ಕೇಳಿ "ಚೆಂದ ಉಂಟು" ಅಂದಳು. ಬಡಿಸುವವರಿಗೆ ಸಾಕು ಎನ್ನಲು ಸಂಕೋಚವಾದಾಗಲೂ ನಮ್ಮ ಮನೆಯಲ್ಲಿ ಹೇಳುವುದು ಅದನ್ನೇ. ನೀನು ಅದನ್ನು ಒಪ್ಪಿಗೆ ಅಂದುಕೊಂಡೆ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಓದುವುದು ಹೆಚ್ಚಾಗಿ ಅನುವಾದಗಳನ್ನು. ಕೆಲವನ್ನು ಎಲ್ಲಿಯೂ ಎಡವದೆ ಓದಿ ಮುಗಿಸಬಹುದು, ಮುಗಿಸಿದ ಮೇಲೆ ಮೂಲ ಕಥೆಯ ಊರಿನದೇನೂ ಕೈಯಲ್ಲಿ ಉಳಿದಿರುವುದಿಲ್ಲ. ನಿನ್ನ ಎರಡನೆಯದೂ ಹಾಗೆಯೇ ಎಂದು ಹೇಳಲಾರೆ, ಅದನ್ನು ಕೇಳಿ ನಾನೂ ಅತ್ತಿದ್ದೇನೆ. ಆದರೆ ಅದರಲ್ಲಿರುವ ಅಪ್ಪನಿಗೆ ಒಮ್ಮೆಯೂ ಉಸಿರು ಕಟ್ಟಿಲ್ಲ. ಮೊದಲನೆಯದು ಕಿವಿಗೆ ಹಿಂಸೆ, ನಿಜ. ಅಪ್ಪನ ಕೊನೆಯ ದಿನಗಳೂ ಹಾಗೇ ಇದ್ದವಲ್ಲ. ಪುತ್ತೂರಿನಿಂದ ಯಂತ್ರವನ್ನು ಬಾಡಿಗೆಗೆ ತಂದುಕೊಟ್ಟಿದ್ದ ಮುಸ್ತಫಾ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಅದು ಕೆಟ್ಟು ಗುಜರಿಗೆ ಹೋಯಿತಂತೆ. ಇನ್ನು ಆ ಸದ್ದು ಇರುವುದು ನಿನ್ನ ಹತ್ತಿರ ಮಾತ್ರ.

ಕಿವಿ ಜೋಪಾನ. ಶಿವರಾತ್ರಿಗೆ ರಜೆ ಸಿಕ್ಕಿದರೆ ಬಾ. ಅವ್ವನ ಆಶೀರ್ವಾದ ಯಾವಾಗಲೂ ನಿನ್ನ ಮೇಲುಂಟು.

ನಿನ್ನ ಅಕ್ಕ,
ಭವಿತಾ

ಮತ್ತೆ: ಪೋಸ್ಟ್ ಆಫೀಸಿಗೆ ಹೊರಟವಳನ್ನು ಅವ್ವ ತಡೆದಳು. "ಸುಜಯ್‌ಗಾ? ಆ ಅಕ್ಕಿ ಮಿಲ್ಲಿನದ್ದನ್ನು ಕಳಿಸಲಿಕ್ಕೆ ಹೇಳು" ಅಂದಳು. "ನಿಂಗೆ ಅದು ಆಗುದಿಲ್ಲ, ಆವತ್ತು ಹೇಗೆ ಓಡಿದ್ದೀ" ಅಂದೆ. "ಓಡಿ ಆ ಮೂಲೆ ಮುಟ್ಟುವವರೆಗೆ ಅವರು ಇದ್ದರಲ್ಲ" ಅಂದಳು. ಆಗಲೇ ನಿನಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅಳಿಸಬೇಡ. ಅಳಿಸಿಯಾಗಿದ್ದರೆ ನನ್ನ ನಂಬರಿಗೆ ಮಾಡು, ಅವ್ವನಿಗೆ ಮಾಡಬೇಡ.