ನೆಲಕ್ಕಿಳಿಸಿದ ತಂತಿ

ಶಿಕಾರಿಪುರ
೨-೧೨-೧೯೫೮

ಬಾಣಂತನದಲ್ಲಿ ನನಗೆ ನೀರೆರೆದು ಬದುಕಿಸಿದ ಅತ್ತೆಯವರಿಗೆ, ಸೊಸೆ ವನಜ ಕಾಲು ಮುಟ್ಟಿ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಮಗ ಕಚೇರಿಗೆ ಹೋಗಿದ್ದಾರೆ, ರೇವಣ ಉಂಡು ಮಲಗಿದ್ದಾನೆ, ಮಧ್ಯಾಹ್ನದ ಈ ಒಂದು ಗಂಟೆ ನನ್ನದು. ಜೊತೆಗೆ ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ದೀಪಾವಳಿಯ ಮಾರನೆಯ ದಿನ ನೀವು ಮಗಳ ಮನೆಗೆಂದು ಉಳವಿಯ ಬಸ್ಸು ಹತ್ತಿದಾಗಿನಿಂದ ಹೀಗೇ ಆಗಿದೆ.

ನೀಲಾಂಬಿಕಾ, ಇದನ್ನು ಅತ್ತೆಗೆ ಓದಿ ಹೇಳಬೇಕಾದವಳು ನೀನು. ನಿಮ್ಮ ಯಜಮಾನರು ಶಾಂತವೀರಪ್ಪನವರು ಗದ್ದೆಗೆ ಹೋದ ಮೇಲೆ, ಮನೆಯಲ್ಲಿ ತಾಯಿ ಮಗಳು ಇಬ್ಬರೇ ಇರುವಾಗ ಓದು. ನಡುವೆ ನಿಲ್ಲಿಸಬೇಡ. ನಿನಗೇ ನನ್ನ ಮೇಲೆ ಸಿಟ್ಟು ಬಂದರೂ ಕೊನೆಯ ತನಕ ಓದು.

ಅತ್ತೆ, ರೇವಣ ನಡೆಯುತ್ತಿದ್ದಾನೆ. ಹೋದ ಗುರುವಾರ ನಡುಮನೆಯ ಕಂಬ ಬಿಟ್ಟು ಎಂಟು ಹೆಜ್ಜೆ ಹಾಕಿದ. ಎಲ್ಲಿಗೆ ಎಂದು ನೋಡಿದರೆ ನಿಮ್ಮ ಕೋಣೆಗೆ. ನಿಮ್ಮ ಹಾಸಿಗೆ ಸುತ್ತಿಟ್ಟ ಮೂಲೆಯಲ್ಲಿ ಕೂತು ಕಂಬಳಿಗೆ ಮುಖ ಒತ್ತಿಕೊಂಡ. ಅವನನ್ನು ಕೂಗಿ ಕರೆಯುವ ಹಾಗಿಲ್ಲವಲ್ಲ, ನಾನೇ ಹೋಗಿ ಎದುರಿಗೆ ಕೂತೆ. ಈಗ ದಿನವೂ ಅದೇ ದಾರಿ. ನಿಮ್ಮ ಎದೆಯ ಮೇಲೆ ಮಲಗಿ ಅಭ್ಯಾಸವಾದವನು. ನಿಮ್ಮ ಜೋಗುಳ ಕೇಳಿ ಮಲಗುತ್ತಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಹಾಡುವಾಗ ನಿಮ್ಮ ಎದೆ ನಡುಗುತ್ತದಲ್ಲ, ಅವನು ಮಲಗುತ್ತಿದ್ದದ್ದು ಆ ನಡುಕಕ್ಕೆ. ನಾನು ಹಾಗೆಯೇ ಎದೆಯ ಮೇಲೆ ಹಾಕಿಕೊಂಡು ಹಾಡಿ ನೋಡಿದೆ. ನನ್ನದು ಸಣ್ಣ ದನಿ. ಅವನಿಗೆ ಸಾಲದು.

ನೀಲಾಂಬಿಕ ಬರೆದ ಕಾಗದ ಶನಿವಾರ ಬಂತು. ನಿಮ್ಮ ಕಾಲು ಬಾತಿವೆಯಂತೆ. ಅನ್ನ ಬಿಟ್ಟು ಎರಡು ತಿಂಗಳಾಗುತ್ತ ಬಂದರೂ ಇನ್ನೂ ಬರೀ ರೊಟ್ಟಿ ಮಜ್ಜಿಗೆಯಂತೆ. ಮಂಗಳವಾರ ಬಂದರೆ ಯಾರು ತಡೆದರೂ ಕೇಳದೆ ಅಮ್ಮನ ಹರಕೆಗೆಂದು ಚಂದ್ರಗುತ್ತಿಗೆ ಹೋಗಿ ಬರಿಗಾಲಲ್ಲಿ ಬೆಟ್ಟ ಹತ್ತುತ್ತೀರಂತೆ. ಮಗುವಿನ ಕಿವಿ ಹೋದದ್ದು ಹುಟ್ಟಿನಿಂದಲೇ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದನ್ನು ನಿಮ್ಮ ಮಗ ನಿಮಗೆ ಬರೆದಿದ್ದರು. ಅದಕ್ಕೆ ನೀವು ಹೇಳಿ ಬರೆಸಿದ ಉತ್ತರವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

"ಡಾಕ್ಟರು ಮಗೀನ ಈಗ ನೋಡ್ಯಾರೆ. ಮೊದ್ಲು ನೋಡಿದೋಳು ವನಜ. ಮೊದ್ಲು ಕೇಳ್ತಿತ್ತು ಅಂತ ಅವಳೇ ನನ್ನ ಮುಂದೆ ಹೇಳ್ಯಾಳೆ. ಹೆತ್ತೋಳಿಗಿಂತ ಹೆಚ್ಚು ಡಾಕ್ಟರಿಗೆ ಗೊತ್ತೇನಪ್ಪ?"

ನೀವು ಬರೆಸಿದ್ದು ಇಷ್ಟೇ. ಇದನ್ನು ಓದಿದ ಮೇಲೆ ನಿಮ್ಮ ಮಗ, "ನೋಡು, ಅವ್ವನಿಗೆ ನಿನ್ನ ಮಾತಿನ ಮೇಲೆ ಎಷ್ಟು ನಂಬಿಕೆ" ಎಂದು ನಕ್ಕರು. ನಾನು ಒಲೆಯ ಮುಂದೆ ಹೋಗಿ ಕೂತೆ.

ಮೊದಲಿನಿಂದ ಹೇಳುತ್ತೇನೆ.

ರೇಡಿಯೋ ಬಂದ ದಿನ ನಿಮಗೆ ನೆನಪಿದೆ. ಸೊರಬದಿಂದ ನನ್ನ ಅಪ್ಪ ಹಳೆಯ ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದ್ದರು. ಕೌದಿ ಬಿಚ್ಚುತ್ತ ನೀವು, ಒಳಗೆ ಮಾತಾಡುವವರನ್ನು ಇಷ್ಟು ಬೆಚ್ಚಗೆ ಕಳಿಸಿದ್ದಾರೆ ನಿಮ್ಮಪ್ಪ ಎಂದಿರಿ. ಸೆಟ್ಟು ಬಂತು, ಬ್ಯಾಟರಿಯೂ ಬಂತು, ಆದರೆ ತಂತಿ ಕಟ್ಟದೆ ಅದರಿಂದ ಗೊರಗೊರ ಬಿಟ್ಟು ಬೇರೇನೂ ಬರಲಿಲ್ಲ. ದಂಡಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದ ಉಜ್ಜಪ್ಪನನ್ನು ನಿಮ್ಮ ಮಗ ಕರೆತಂದರು. ನಿಮ್ಮ ಮಗನಿಗೆ ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ಕಟ್ಟುವ ತಾಮ್ರದ ಜಾಲರಿ ಪಟ್ಟಿಯೇ ಸಾಕು ಎಂದಿತ್ತು, ಹಂಚು ತೆಗೆಯುವ ರಗಳೆ ಇಲ್ಲ ಎಂದು. ಉಜ್ಜಪ್ಪ ಒಪ್ಪಲಿಲ್ಲ. ಆ ಪಟ್ಟಿ ಸ್ಟೇಷನ್ನಿನ ಬಗಲಲ್ಲಿ ಮನೆ ಇದ್ದವರಿಗೆ, ನಮಗೆ ಒಂದು ಕಡೆ ಧಾರವಾಡ ದೂರ, ಇನ್ನೊಂದು ಕಡೆ ಬೆಂಗಳೂರು ಇನ್ನೂ ದೂರ, ತಂತಿ ಬಯಲು ನೋಡಬೇಕು ಎಂದ. ಮನೆಯ ಮೇಲೆ ಒಂದು ಬಿದಿರು, ಹಿತ್ತಲ ಕೊನೆಗೆ ಒಂದು ಬಿದಿರು, ನಡುವೆ ಐವತ್ತು ಅಡಿ ತಾಮ್ರದ ತಂತಿ. ತೆಂಗಿನ ಮರಕ್ಕೇ ಕಟ್ಟಬಾರದೇನು ಎಂದು ನೀವು ಕೇಳಿದ್ದಕ್ಕೆ, ಮರ ಗಾಳಿಗೆ ತೂಗುತ್ತದೆ, ತಂತಿ ಹರಿಯುತ್ತದೆ ಎಂದ. ನಮ್ಮ ಎರಡು ಸ್ಟೇಷನ್ನುಗಳೂ ಎದುರುಬದುರು ದಿಕ್ಕಿನಲ್ಲಿರುವುದರಿಂದ ತಂತಿಯನ್ನು ಅಡ್ಡ ಎಳೆದರೆ ಎರಡಕ್ಕೂ ಎದೆ ಕೊಡುತ್ತದೆ ಎಂದು ಅಂಗಳದ ಧೂಳಿನಲ್ಲಿ ಗೀಟು ಹಾಕಿ ತೋರಿಸಿದ. ತುದಿಗಳಿಗೆ ಪಿಂಗಾಣಿ ಗುಂಡು ಪೋಣಿಸುತ್ತ ಕೂತವನನ್ನು ನೀವು ಬಿಡಲಿಲ್ಲ.

"ಇಷ್ಟುದ್ದ ತಂತಿ ಸುಮ್ನೆ ಯಾಕೆ ಬಿಡೋದು ಉಜ್ಜಪ್ಪ, ಸೀರೆ ಒಣಗಿಸ್ಲಾ?"

"ಒಣಗಿಸ್ರಮ್ಮ. ಧಾರವಾಡದೋರು ಹಾಡೋದು ಬಿಟ್ಟು ನಿಮ್ಮ ಸೀರೆ ಹಿಂಡ್ಕೊಂತ ಕೂರ್ತಾರೆ."

ನೀವು ಸೆರಗು ಬಾಯಿಗೆ ಹಿಡಿದು ನಕ್ಕಿರಿ. ಆ ನಗುವಿನ ನಡುವೆಯೇ ಅವನು ಕೇಳಿದ್ದು, ವರ್ಷವಿಡೀ ಒಣಗದ ನೆಲ ಎಲ್ಲಿದೆ ಎಂದು. ಸೆಟ್ಟಿನಿಂದ ಇನ್ನೊಂದು ತಂತಿ ನೆಲಕ್ಕೂ ಇಳಿಯಬೇಕು, ತುದಿಗೆ ತಾಮ್ರದ ತಗಡು ಕಟ್ಟಿ ಇದ್ದಿಲು ಉಪ್ಪು ಹಾಕಿ ಹೂಳಬೇಕು, ಮೇಲೆ ದಿನಾ ನೀರು ಬೀಳಬೇಕು, ಇಲ್ಲದಿದ್ದರೆ ದನಿ ಗೊಗ್ಗರಾಗುತ್ತದೆ ಎಂದ. ಬಚ್ಚಲ ಹಿಂದೆ, ಬಾಳೆಯ ಬುಡ ಎಂದು ನೀವು ಬೆರಳು ಮಾಡಿದಿರಿ. ರೇವಣ ಹುಟ್ಟಿದ ದಿನ ಅವನ ಜೊತೆ ಬಿದ್ದ ಮಾಸನ್ನು ಮಡಕೆಯಲ್ಲಿಟ್ಟು ನೀವೇ ಹೂತದ್ದು ಅಲ್ಲೇ. ಅದನ್ನು ಕೆದಕಿದರೆ ಮಗುವಿಗೆ ಕೇಡು ಎನ್ನುತ್ತಿದ್ದಿರಿ. ಗುರುತಿಗೆ ಇಟ್ಟ ಕಲ್ಲು ಎರಡು ಮಳೆಗಾಲದಲ್ಲಿ ಜರುಗಿತ್ತು. ಜಾಗ ಆಚೆಗಿದೆ ಎಂದು ನೀವು ತಿಳಿದಿರಿ.

ನನಗೆ ಜಾಗ ನೆನಪಿತ್ತು ಅತ್ತೆ. ಬಾಣಂತಿಯಾಗಿದ್ದಾಗ ಬಚ್ಚಲ ಕಿಂಡಿಯಿಂದ ದಿನಾ ನೋಡುತ್ತಿದ್ದ ಜಾಗ. ಹೇಳಲಿಲ್ಲ. ಮಣ್ಣೊಳಗಿನ ಮಡಕೆಗೂ ಮಗುವಿಗೂ ಏನು ಸಂಬಂಧ ಎಂಬ ಓದಿದವಳ ಜಂಬ ಒಂದು ಕಡೆ. ರೇಡಿಯೋ ಅವತ್ತೇ ಮಾತಾಡಬೇಕೆಂಬ ಆತುರ ಇನ್ನೊಂದು ಕಡೆ. ಹಾರೆ ಮಡಕೆಗೆ ತಗಲಿದ ಸದ್ದಿಗೆ ನಿಮ್ಮ ಮುಖ ಬೆಳ್ಳಗಾಯಿತು. ಉಜ್ಜಪ್ಪ ಆಚೆ ಹೋದ ಮೇಲೆ ಅರಿಸಿನ ತಂದು ಮಣ್ಣಿಗೆ ಹಾಕಿ ಕೈ ಮುಗಿದಿರಿ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ.

ಆತುರ ಯಾಕಿತ್ತೆಂದು ಈಗ ಹೇಳಬೇಕು.

ಶಿವರಾತ್ರಿ ಕಳೆದು ನಾಲ್ಕಾರು ದಿನಕ್ಕೆ, ನೀವು ಪಕ್ಕದ ಮನೆಯ ಮಹಾದೇವಮ್ಮನವರಲ್ಲಿಗೆ ಹೋಗಿದ್ದಾಗ, ನನ್ನ ಕೈಯಿಂದ ಕಂಚಿನ ತಟ್ಟೆ ಜಾರಿ ಬಿತ್ತು. ರೇವಣ ಅಲ್ಲೇ ಬೆನ್ನು ಮಾಡಿ ಕೂತು ಹುಣಿಸೆ ಬೀಜ ಆಡುತ್ತಿದ್ದ. ಬೆಚ್ಚಲಿಲ್ಲ. ಆಗ ಅವನಿಗೆ ಎಂಟು ತಿಂಗಳು. ತಟ್ಟೆಯನ್ನು ಎತ್ತಿಕೊಂಡು ಬೇಕೆಂದೇ ಮತ್ತೆ ಬೀಳಿಸಿದೆ. ಅವತ್ತಿನಿಂದ ನೀವು ಹೊರಗೆ ಹೋದಾಗಲೆಲ್ಲ ಅವನ ಬೆನ್ನ ಹಿಂದೆ ನಿಂತು ಸೌಟು ಬಡಿದಿದ್ದೇನೆ, ಹೆಸರು ಹಿಡಿದು ಕಿರುಚಿದ್ದೇನೆ. ಒಮ್ಮೆ ತಿರುಗಿದ. ಎತ್ತಿ ಮುದ್ದಾಡಿ ಕಣ್ಣೀರಿಟ್ಟೆ. ಆಮೇಲೆ ನೋಡಿದರೆ ನನ್ನ ನೆರಳು ಅವನ ಮುಂದೆ ಬಿದ್ದಿತ್ತು.

ಇದನ್ನು ನಿಮಗೂ ಹೇಳಲಿಲ್ಲ, ನಿಮ್ಮ ಮಗನಿಗೂ ಹೇಳಲಿಲ್ಲ. ನನ್ನ ಬಾಯಿಂದ ಬಂದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಅವನು ನನ್ನ ದನಿ ಗುರುತು ಹಿಡೀತಾನೆ ಎಂದು ನೀವು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಿರಿ. ಬಸುರಿಯಾಗಿ ಮೂರನೆಯ ತಿಂಗಳಲ್ಲಿ ನನಗೆ ಮೈಮೇಲೆಲ್ಲ ಕೆಂಪು ಗಂಧೆ ಎದ್ದು ಮೂರು ದಿನ ಜ್ವರ ಬಂದಿತ್ತು, ನೀವೇ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದಿರಿ. ಈಚೆಗೆ ಶಿವಮೊಗ್ಗದ ಡಾಕ್ಟರು ಆ ಜ್ವರದ ಬಗ್ಗೆ ಕೇಳಿದರು. ಅದರಿಂದಲೂ ಇರಬಹುದು, ಖಂಡಿತ ಹೇಳಲಾಗದು ಎಂದರು.

ಯಾರಿಗೂ ಹೇಳಲಾರದೆ ಕೊನೆಗೆ ಅಪ್ಪನಿಗೆ ಕಾಗದ ಹಾಕಿದೆ, ಸಂಗೀತ ಕೇಳಬೇಕೆನಿಸುತ್ತದೆ, ಒಂದು ರೇಡಿಯೋ ಕೊಡಿಸಿ ಎಂದು. ತಾಯಿ ಇಲ್ಲದ ಮಗಳು ಕೇಳಿದ್ದನ್ನು ಅವರು ಯಾವತ್ತೂ ಇಲ್ಲವೆಂದವರಲ್ಲ. ನನಗೆ ಸಂಗೀತ ಬೇಕಿರಲಿಲ್ಲ. ಮನೆಯೊಳಗೆ ಅಷ್ಟು ದೊಡ್ಡ ಸದ್ದು ಇದ್ದರೆ ಒಂದಲ್ಲ ಒಂದು ದಿನ ಬೇರೆ ಯಾರಾದರೂ ಕಂಡುಹಿಡಿಯುತ್ತಾರೆ, ನಾನು ಹೇಳುವುದು ತಪ್ಪುತ್ತದೆ ಎಂದು ತರಿಸಿದೆ.

ಮೊದಲ ದಿನ ಧಾರವಾಡ ಸಿಕ್ಕಾಗ ನೀವೆಲ್ಲ ಪೆಟ್ಟಿಗೆಯನ್ನು ನೋಡುತ್ತಿದ್ದಿರಿ, ನಾನು ಮಗುವನ್ನು ನೋಡುತ್ತಿದ್ದೆ. ಅವನು ಮರದ ಮೇಲೆ ಅಂಗೈ ಇಟ್ಟು ನಕ್ಕ. ಕೇಳ್ತಾನೆ ನೋಡು ನನ್ನ ರಾಜ ಎಂದು ನೀವು ದೃಷ್ಟಿ ತೆಗೆದಿರಿ. ಮರ ಅದುರುತ್ತಿತ್ತು, ಅಷ್ಟೇ. ಮೂರನೆಯ ದಿನ ನಿಮ್ಮ ಮಗ ಗುಂಡಿ ತಿರುಗಿಸುವಾಗ ಅದು ಒಮ್ಮೆಲೇ ಕೀರಲಿಟ್ಟು ನಾವೆಲ್ಲ ಕಿವಿ ಮುಚ್ಚಿಕೊಂಡೆವು. ರೇವಣ ಬೀಜ ಜೋಡಿಸುತ್ತಲೇ ಇದ್ದ.

"ಇದೇನ್ರೀ ಗುತ್ಯಮ್ಮ, ಮಗ ತಿರುಗಿ ಸೈತ ನೋಡ್ಲಿಲ್ಲ" ಎಂದು ರೇಡಿಯೋ ಕೇಳಲು ಬಂದಿದ್ದ ಮಹಾದೇವಮ್ಮ ನಿಮ್ಮನ್ನು ಕೇಳಿದರು.

ನಾನು ಏಳು ತಿಂಗಳಿಂದ ಕಾದ ಮಾತು ಬಂತು. ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಆದರೆ ನೀವು ಮಗುವನ್ನು ನೋಡದೆ ಬಚ್ಚಲ ಕಡೆ ನೋಡಿದಿರಿ. ಅವತ್ತು ಸಂಜೆ ಬಾಳೆಯ ಬುಡದಲ್ಲಿ ಬರಿಗೈಯಲ್ಲಿ ಮಣ್ಣು ಬಗೆದು ತಗಡು ಕಿತ್ತು ಹಾಕಿ, ಉಗುರಲ್ಲಿ ರಕ್ತ ಬಂದದ್ದನ್ನೂ ತೊಳೆಯದೆ ನನ್ನ ಹತ್ತಿರ ಬಂದಿರಿ.

"ನನ್ನ ಕೈಯಾರೆ ತೋರಿಸ್ದೆ ವನಜಾ. ಉಪ್ಪು ಇದ್ದಿಲು ಹಾಕಿಸ್ದೆ. ಮೊದ್ಲು ಕೇಳ್ತಿತ್ತಲ್ಲೇನವ್ವ ಮಗೀಗೆ?"

"ಕೇಳ್ತಿತ್ತು ಅತ್ತೆ."

ಎರಡೇ ಮಾತು. ಇಲ್ಲ ಅಂದಿದ್ದರೆ, ನಿನಗೆ ಯಾವಾಗ ಗೊತ್ತಾಯಿತು ಎಂದು ನೀವು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ಹೆದರಿ, ನನಗೆ ಮಗುವಿಗೆ ಎರೆದ ಹಾಗೆ ನೀರೆರೆದು ಒರೆಸಿದ ನಿಮ್ಮ ತಲೆಯ ಮೇಲೆ ಹೊರೆ ಇಟ್ಟೆ. ನೀವು ಅವತ್ತಿನಿಂದ ಅವನನ್ನು ಮುಟ್ಟಲಿಲ್ಲ. ಅವನು ಸೆರಗು ಜಗ್ಗಿದರೆ ಬಿಡಿಸಿಕೊಂಡು ಏಳುತ್ತಿದ್ದಿರಿ. ಶಿವಮೊಗ್ಗದಲ್ಲಿ ಡಾಕ್ಟರು, ಮೊದಲು ಯಾವಾಗ ಅನುಮಾನ ಬಂತಮ್ಮ ಎಂದು ಕೇಳಿದಾಗ ನಿಮ್ಮ ಮಗ ಪಕ್ಕದಲ್ಲಿದ್ದರು. ಈಗೀಗ ಎಂದೆ. ಅಲ್ಲಿಗೆ ಸುಳ್ಳು ಎರಡಾಯಿತು.

ಈಗ ಕೇಳಿ ಅತ್ತೆ. ರೇವಣನಿಗೆ ಮೊದಲೂ ಕೇಳುತ್ತಿರಲಿಲ್ಲ. ಹಾರೆ ಬೀಳುವ ಏಳು ತಿಂಗಳ ಮೊದಲೇ ಕೇಳುತ್ತಿರಲಿಲ್ಲ. ನಾನು ನೋಡಿದ್ದೇನೆ. ನಿಮ್ಮ ಬೆರಳಿನಿಂದ ಏನೂ ಆಗಿಲ್ಲ. ಡಾಕ್ಟರ ಮಾತು ನಂಬಬೇಡಿ, ಬೇಡ. ಹೆತ್ತವಳ ಮಾತು ನಂಬುತ್ತೇನೆ ಎಂದಿರಲ್ಲ, ಆ ಹೆತ್ತವಳು ಹೇಳುತ್ತಿದ್ದೇನೆ. ಅನ್ನ ಉಣ್ಣಿ. ಬೆಟ್ಟ ಹತ್ತಬೇಡಿ. ಹರಕೆ ಯಾರಾದರೂ ತೀರಿಸಲೇಬೇಕಿದ್ದರೆ ಅದು ನನ್ನದು, ನಾನು ಹತ್ತುತ್ತೇನೆ.

ಈ ಕಾಗದದ ಒಂದು ಪ್ರತಿ ಬರೆದಿಟ್ಟಿದ್ದೇನೆ. ಇವತ್ತು ನಿಮ್ಮ ಮಗ ಕಚೇರಿಯಿಂದ ಬಂದು ಕಾಫಿ ಕುಡಿದ ಮೇಲೆ ಅವರ ಕೈಗೆ ಕೊಡುತ್ತೇನೆ. ಅವರು ಏನನ್ನುತ್ತಾರೋ ಗೊತ್ತಿಲ್ಲ.

ಮನೆಗೆ ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವನನ್ನೊಮ್ಮೆ ಎತ್ತಿಕೊಳ್ಳಿ. ನಿಮ್ಮ ಮೈಯ ಹಾಡು ಅವನಿಗೆ ತಿಳಿಯುತ್ತದೆ.

ನಿಮ್ಮ ಮುಂದೆ ಸುಳ್ಳಾಡಿದ ಸೊಸೆ,
ವನಜ

ತಾ. ಕ.: ನೀಲಾಂಬಿಕಾ, ಇದು ನಿನಗೊಬ್ಬಳಿಗೆ, ಅತ್ತೆಗೆ ಓದಬೇಡ. ನಾನು ಮತ್ತೆ ಬಸುರಿ, ಮೂರು ತಿಂಗಳು. ನಿನ್ನ ಅಣ್ಣನಿಗೂ ಹೇಳಿಲ್ಲ. ಮೇಲೆ ಬರೆದದ್ದೆಲ್ಲ ನಿಜ, ಆದರೆ ನನ್ನನ್ನು ಬರೆಯಲು ಕೂರಿಸಿದ್ದು ನಿಜದ ಮೇಲಿನ ಆಸೆಯಲ್ಲ, ಹೆದರಿಕೆ. ಒಂಬತ್ತು ತಿಂಗಳು ಬಾಯಿ ಬಿಡದವಳು ಈಗ ಬಿಟ್ಟದ್ದು ಈ ಸಲವೂ ನನಗೆ ಅತ್ತೆ ಬೇಕಾಗಿದ್ದಾರೆ ಎಂದು. ಇದು ಕಿವಿಗೆ ಬಿದ್ದರೆ ಅವರು ಆ ಬಾತ ಕಾಲಲ್ಲೇ ಮೊದಲ ಬಸ್ಸಿಗೆ ನಿಲ್ಲುತ್ತಾರೆ, ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಎತ್ತದೆ ಬಂದು ನನಗೆ ನೀರು ಕಾಯಿಸುತ್ತಾರೆ. ಹಾಗಾಗುವುದು ಬೇಡ. ಅವರು ಮೊದಲು ನನ್ನ ಮೇಲೆ ಸಿಟ್ಟಾಗಲಿ. ಅದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ಅವರನ್ನು ಅಲ್ಲೇ ಇಟ್ಟುಕೋ.