ಐದು ಸೆಂಟಿನ ಒಣಬಿತ್ತನೆ

ಬೆಳುಗುಪ್ಪ
೨೧ ಮೇ ೨೦೨೩, ಭಾನುವಾರ

ನನ್ನ ಬಂಗಾರ ಅಂಜನಾಗೆ, ಅಜ್ಜಿ ಕೊಟ್ರಮ್ಮ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯ ಮಗಳೇ? ಗುಡಿಬಂಡೆಯ ನೀರು ಮೈಗೆ ಹಿಡಿಸಿತೇ? ಹೋದ ವಾರ ಫೋನಿನಲ್ಲಿ ಒಂದೇ ಸಮ ಕೆಮ್ಮುತ್ತಿದ್ದೆ. ಮೆಣಸು, ಬೆಲ್ಲ ಕುದಿಸಿ ಕುಡಿ ಎಂದರೆ ಮಾತ್ರೆ ನುಂಗಿದ್ದೇನೆ ಅಂದೆ. ಊರಿನ ರೈತರಿಗೆಲ್ಲ ಅಂಗಡಿ ಔಷಧಿ ಬಿಡಿ, ಕಷಾಯ ಮಾಡಿ ಎಂದು ಪಾಠ ಹೇಳುವವಳು ನೀನೇ ತಾನೆ! ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ಚಂದ್ರಕಲಾ ರಾಯದುರ್ಗದಿಂದ ಪ್ಯಾಂಟಿನ ತುಂಡುಗಳನ್ನು ಮನೆಗೇ ತಂದು ಹೊಲಿಯುತ್ತಿದ್ದಾಳೆ, ಮನೆ ತುಂಬ ನೀಲಿ ದಾರ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಫೋನ್ ಹಿಡಿದರೆ ನಾಲ್ಕು ಜನ ಕಿವಿ ನೆಟ್ಟು ಕೂರುತ್ತಾರೆ. ನಿಮ್ಮ ತಂಡದ ಸಿದ್ದರಾಮೇಶ್ ನಮ್ಮ ಹೊಲದ ಪ್ರಯೋಗದ ಮಡಿಯ ಫೋಟೋ ತೆಗೆಯಲು ಬಂದಿದ್ದಾನೆ, ಮಧ್ಯಾಹ್ನ ಮಡಕಶಿರಾ ಕಡೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಲಕೋಟೆಗೆ ಅಂಟು ಸಾಲದೆಂದು ಮೆಷಿನ್ನಿನಲ್ಲಿ ಒಂದು ಹೊಲಿಗೆಯನ್ನೂ ಓಡಿಸುತ್ತೇನೆ. ನೀನೇ ಬಿಚ್ಚಿ ಓದು.

ಮಂಗಳವಾರದ ಸಭೆಯ ಮಾತಿಗೆ ಬರುತ್ತೇನೆ. ಅಂದು ನೀನು ಬಂದು ಹೂಂ ಅಂದರೆ ನಲವತ್ತು ಮನೆಯವರು ಮಳೆಗೆ ಕಾಯದೆ ಒಣಮಣ್ಣಿಗೆ ಬಿತ್ತಲು ಸಿದ್ಧರಾಗಿದ್ದಾರೆ. ಬೇಡ ಅಂಜನಾ. ಈ ವರ್ಷ ಯಾರಿಗೂ ಹಾಗೆ ಹೇಳಬೇಡ. ಅವರು ತರುವುದು ಅಂಗಡಿಯ ಬೀಜವಲ್ಲ. ಮೂರು ವರ್ಷದಿಂದ ಹೆಂಗಸರು ಹಿಡಿ ಹಿಡಿಯಾಗಿ ಕೂಡಿಸಿ ಉಳಿಸಿಕೊಂಡ ನವಣೆ, ಸಜ್ಜೆ, ಹುರುಳಿ, ಅಲಸಂದೆ. ಅದು ಮಣ್ಣುಪಾಲಾದರೆ ಮಳೆ ಬಿದ್ದ ದಿನ ಬಿತ್ತಲು ಯಾರ ಮನೆಯಲ್ಲೂ ಏನೂ ಇರುವುದಿಲ್ಲ. ಆ ತಳಿಯನ್ನು ಮತ್ತೆ ಎಲ್ಲಿಂದ ತರುತ್ತೀಯ?

ಇವರಿಗೆಲ್ಲ ಧೈರ್ಯ ಬಂದದ್ದು ನಮ್ಮ ಐದು ಸೆಂಟು ಜಾಗದ ಮಡಿ ನೋಡಿ. ಪ್ರಯೋಗವನ್ನು ರೈತರೇ ಮಾಡಬೇಕು, ಕಂಡದ್ದನ್ನು ರೈತರೇ ಬರೆದಿಡಬೇಕು ಎಂದು ನೀನು ನನ್ನ ಕೈಗೆ ಪುಸ್ತಕ ಕೊಟ್ಟಾಗ, ಏಳನೇ ಕ್ಲಾಸು ಓದಿದ್ದು ಈಗ ಉಪಯೋಗಕ್ಕೆ ಬಂತಲ್ಲ ಎಂದು ಹಿಗ್ಗಿದವಳು ನಾನು. ಬೀಜಕ್ಕೆ ಸಗಣಿ, ಬೂದಿ, ಕೆಮ್ಮಣ್ಣು ಮೆತ್ತಿ ಉಂಡೆ ಮಾಡಿ ಏಪ್ರಿಲ್ ಬಿಸಿಲಿನಲ್ಲಿ ಬಿತ್ತಿದಾಗ ರಾಮಾಂಜಿ ಬದುವಿನ ಮೇಲೆ ನಿಂತು, "ಇರುವೆಗಳ ಮದುವಿಗೆ ಅಕ್ಕಿಕಾಳು ಹಾಕ್ತೀರೇನ್ರಿ ಅಜ್ಜಿ?" ಎಂದು ನಕ್ಕಿದ್ದ. ಹುಲ್ಲಿನ ಹೊದಿಕೆಯ ಅಡಿಯಲ್ಲಿ ಬೆಳಗಿನ ಜಾವದ ತೇವವೇ ಸಾಕು, ಮೊಳಕೆ ಬರುತ್ತದೆ ಎಂದು ನೀನು ಹಟ ಹಿಡಿದೆ. ಬಂತು. ಈಗ ಗೇಣುದ್ದ ಪೈರು ನಿಂತಿದೆ. ಅದೇ ರಾಮಾಂಜಿ ಹೋಟೆಲ್ ಮುಂದೆ ಕೂತು, "ಅಂಜನಾ ಹೇಳ್ಯಾಳಂದ್ರ ಮುಗೀತ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ಹೆಂಗಸರು ಬಂದು ಮಡಿಯ ಮೂಲೆಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದು ಹೋಗುತ್ತಾರೆ. ಮೊದಮೊದಲು ಚೆನ್ನಾಗಿತ್ತು. ಈಗ ಆ ಅರಿಶಿನ ನೋಡಿದರೆ ನನಗೆ ಭಯವಾಗುತ್ತದೆ.

ಸುತ್ತ ಎಲ್ಲ ಬೆಂದು ಬಿಳಿಚಿಕೊಂಡಿದೆ, ನಮ್ಮ ಮಡಿ ಮಾತ್ರ ಹಸಿರು. ಊರಿನ ಹಕ್ಕಿಯೆಲ್ಲ ಅಲ್ಲೇ. ಮೂರು ದಿನದಿಂದ ಪಡುವಣ ಗಾಳಿ ಹೊತ್ತು ಗೊತ್ತಿಲ್ಲದೆ ಬೀಸಿ ಹುಲ್ಲನ್ನು ಕಿತ್ತುಕೊಂಡು ಹೋಗುತ್ತಿದೆ, ಮೋಡದ ಸುಳಿವಿಲ್ಲ. ಬೇವಿನ ಮರದ ಕಡೆಯ ಮೂರು ಸಾಲಿನಲ್ಲಿ ಒಂದು ಗಿಡವೂ ಇಲ್ಲ, ಬೇರಿನ ಕಾಟ ಇರಬೇಕು ಎಂದು ನೀನು ಅಂದೆಯಲ್ಲ? ನಿನ್ನೆ ಅಲ್ಲಿ ಕುಡುಗೋಲಿನಿಂದ ಕೆದಕಿದೆ. ಬೀಜದ ಉಂಡೆಗಳು ನಾವು ಹಾಕಿದ ಹಾಗೆಯೇ ಇದ್ದವು. ಒಂದನ್ನು ಒಡೆದೆ. ಒಳಗೆ ಕಾಳಿಲ್ಲ, ಬರೀ ಹೊಟ್ಟು. ಇನ್ನೊಂದು, ಮತ್ತೊಂದು, ಇಪ್ಪತ್ತು ಒಡೆದೆ. ಪ್ರತಿಯೊಂದಕ್ಕೂ ಇರುವೆ ಸೂಜಿಯಷ್ಟು ತೂತು ಕೊರೆದಿದೆ. ಹಸಿರಾಗಿದ್ದ ಕಡೆಯೂ ಎರಡು ದಿನದಿಂದ ಅಲಸಂದೆ ಎಲೆ ಮಡಚಿಕೊಳ್ಳುತ್ತಿದೆ. ಸಿದ್ದರಾಮೇಶ್ ಅದನ್ನು ನೋಡಿ, "ಬಿಸಿಲಿಗೆ ಹಂಗಾಗ್ತದ್ರಿ ಅಜ್ಜಿ, ಸಂಜಿಗೆ ಏಳ್ತಾವ" ಅಂದ. ಅವು ಏಳುವುದಿಲ್ಲ.

ಮಡಿ ನೋಡಿ ಹೋದ ನಿಮ್ಮ ವಿಜ್ಞಾನಿಗಳಿಗೆ ಏನಾದರೂ ಹೇಳು. ಗಾಳಿ ಸರಿಯಿಲ್ಲ ಅನ್ನು, ಇನ್ನೊಂದು ವರ್ಷ ನೋಡೋಣ ಅನ್ನು, ನಮ್ಮ ಅಜ್ಜಿಗೆ ಅರಳುಮರಳು ಅನ್ನು, ನನಗೇನೂ ಬೇಸರವಿಲ್ಲ. ಬಿತ್ತಿ ಅಂತ ಮಾತ್ರ ಹೇಳಬೇಡ. ಈ ಊರು ಹೊರಗಿನವರು ಹೇಳಿದ್ದನ್ನು ಕೇಳಿ ಮರೆಯುತ್ತದೆ. ನಿನ್ನ ಮಾತನ್ನು ಮರೆಯುವುದಿಲ್ಲ. ನೀನು ಇಲ್ಲೇ ಹುಟ್ಟಿದವಳು, ಇವರ ಮನೆಗಳಲ್ಲೇ ಉಂಡು ಬೆಳೆದವಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಟೋದಲ್ಲಿ ಅಂಚಿಗೆ ಕೂರಬೇಡ. ನಿನ್ನ ಅಮ್ಮ ನೆನಪು ತಿಳಿಸಿದ್ದಾಳೆ. ಕೆಮ್ಮು ಬೇಗ ಇಳಿಯಲಿ, ನೂರು ಕಾಲ ಚೆನ್ನಾಗಿರು ತಾಯಿ.

ನಿನ್ನನ್ನೇ ನೆನೆಯುತ್ತಿರುವ
ಅಜ್ಜಿ ಕೊಟ್ರಮ್ಮ

ಮರೆತದ್ದು — ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಸಿದ್ದರಾಮೇಶ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಆ ಪುಸ್ತಕದಲ್ಲಿ ದಿನವೂ "ನೀರು: ಇಲ್ಲ" ಎಂದು ಬರೆದೆನಲ್ಲ, ಸುಳ್ಳು. ಬಿತ್ತಿ ಹನ್ನೆರಡು ದಿನವಾದರೂ ಒಂದು ಮೊಳಕೆ ಬರಲಿಲ್ಲ. ಮಡಿ ನೋಡಲು ದೊಡ್ಡ ವಿಜ್ಞಾನಿಗಳನ್ನು ಕರೆದುಕೊಂಡು ಬರುತ್ತೇನೆ ಅಜ್ಜಿ ಎಂದು ನೀನು ಫೋನ್ ಮಾಡಿದೆ. ಅಷ್ಟು ಜನರ ಮುಂದೆ ನಿನ್ನ ಮುಖ ಬಾಡುವುದನ್ನು ನೆನೆಸಿಕೊಂಡೇ ನನಗೆ ತಡೆಯಲಾಗಲಿಲ್ಲ. ಮಲ್ಲಿಗೆ ಗಿಡದ ಪೈಪನ್ನು ಎಳೆದು ಹುಲ್ಲಿನ ಅಡಿಗೆ ಬಿಟ್ಟೆ, ನಾಲ್ಕು ಮಧ್ಯಾಹ್ನ. ಆಮೇಲೂ ನಿಲ್ಲಿಸಲಾಗದೆ ಮೊನ್ನೆಯವರೆಗೆ ಬಿಡುತ್ತಲೇ ಇದ್ದೆ. ಬೇವಿನ ಮರದವರೆಗೆ ಪೈಪು ಎಟುಕಲಿಲ್ಲ, ಅಷ್ಟೇ. ಸಭೆಯಲ್ಲಿ ಎಲ್ಲರ ಮುಂದೆ ಈ ಕಾಗದ ಓದು.

ಇನ್ನೊಂದು. ಎದುರು ಮನೆಯ ಉಚ್ಚಂಗಮ್ಮ ಬಿತ್ತಲು ಸಭೆಗೆ ಕಾಯಲಿಲ್ಲ. ಇವತ್ತು ಬೆಳಿಗ್ಗೆ ಎತ್ತು ಹೂಡಿಸಿಕೊಂಡು ಬಂದು ನನ್ನ ಕೈ ಹಿಡಿದು, "ಖರೇ ಹೇಳು ಕೊಟ್ರಮ್ಮ, ಒಂದ್ ಹನಿ ನೀರೂ ಬಿಟ್ಟಿಲ್ಲಲ್ಲ?" ಎಂದು ಕೇಳಿದಳು. ಹಿಂದೆ ಆರೇಳು ಜನ ನಿಂತಿದ್ದರು. ಇಲ್ಲ ಅಂದೆ. ಈಗ ಅವಳ ಅಂಗಳ ಇಲ್ಲಿಂದಲೇ ಕಾಣುತ್ತಿದೆ. ಬೀಜದ ಗಡಿಗೆಯನ್ನು ತೊಳೆದು ಬೋರಲು ಹಾಕಿದ್ದಾಳೆ.